ಅಮ್ಮನ ಪಾಲ್ಬೊಸಿಕ್ಲಿಬ್ ಮಾತ್ರೆ: 14 ಸುತ್ತು ಮುಗಿದ ಮೇಲೆ

ಸ್ತನದ ಕ್ಯಾನ್ಸರ್ ಮೂಳೆಗೂ ಹೋಗಿದೆ ಎಂದು ಗೊತ್ತಾದಾಗ ಅಮ್ಮನಿಗೆ 63. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಎಂದು ರಿಪೋರ್ಟ್ ಬಂತು. ಅಂದರೆ ಗಡ್ಡೆ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ, ಹರ್-2 ಎಂಬ ಪ್ರೋಟೀನ್ ಅದರಲ್ಲಿ ಜಾಸ್ತಿ ಇಲ್ಲ. ಡಾಕ್ಟರು ದಿನಾ ಲೆಟ್ರೊಜೋಲ್ (ಮೈಯಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ತಗ್ಗಿಸುವ ಮಾತ್ರೆ), ಜೊತೆಗೆ ಪಾಲ್ಬೊಸಿಕ್ಲಿಬ್ 125 ಎಂಜಿ ಬರೆದರು. ಪಾಲ್ಬೊಸಿಕ್ಲಿಬ್ 21 ದಿನ ನುಂಗಬೇಕು, 7 ದಿನ ಬಿಡಬೇಕು, ಅದು ಒಂದು ಸುತ್ತು. "ಕೀಮೋ ಬೇಡ್ವಾ?" ಎಂದು ಅಮ್ಮ ಎರಡೆರಡು ಸಲ ಕೇಳಿದಳು.

14 ಸುತ್ತು ಮುಗಿದಿದೆ. ಬೆಳಗ್ಗೆ ತಾನೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ. ನನಗೆ ಅಷ್ಟು ಸಾಕು.

ಪಾಲ್ಬೊಸಿಕ್ಲಿಬ್ ಕೋಶವನ್ನು ಸುಡುವ ಔಷಧ ಅಲ್ಲ. ನಮ್ಮ ಜೀವಕೋಶದಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇದೆ. ಕೋಶ ಸುಮ್ನೆ ಎರಡಾಗದ ಹಾಗೆ ಅದು ತಡೆದಿರುತ್ತದೆ. ಫಾಸ್ಫೇಟ್ ಅಂಟಿಸುವ ಕಿಣ್ವಕ್ಕೆ ಕೈನೇಸ್ ಎನ್ನುತ್ತಾರೆ. ಸಿಡಿಕೆ4, ಸಿಡಿಕೆ6 ಎಂಬ ಎರಡು ಕೈನೇಸ್‌ಗಳು ಅದಕ್ಕೆ ಫಾಸ್ಫೇಟ್ ಅಂಟಿಸಿದರೆ ಹಿಡಿತ ಸಡಿಲವಾಗುತ್ತದೆ. ಕೋಶ ಡಿಎನ್ಎ ನಕಲು ಮಾಡಲು ಶುರುಮಾಡುತ್ತದೆ. ಈ ಮಾತ್ರೆ ಆ ಎರಡರ ಕೈ ಕಟ್ಟುತ್ತದೆ. ಲೆಟ್ರೊಜೋಲ್ ಒಂದೇ ಕೊಟ್ಟಾಗ ರೋಗ 14.5 ತಿಂಗಳು ಹತೋಟಿಯಲ್ಲಿತ್ತು, ಇದನ್ನೂ ಸೇರಿಸಿದಾಗ 24.8 ತಿಂಗಳು. 666 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಮೀಡಿಯನ್ ಲೆಕ್ಕ ಇದು, ಅಂದರೆ ಸುಮಾರು ಅರ್ಧ ಜನರಿಗೆ ಇದಕ್ಕಿಂತ ಜಾಸ್ತಿ, ಅರ್ಧ ಜನರಿಗೆ ಕಮ್ಮಿ. ಒಟ್ಟು ಆಯಸ್ಸು ಜಾಸ್ತಿ ಆಗುತ್ತದೆ ಎಂದು ಮಾತ್ರ ಅದರಲ್ಲಿ ಖಚಿತವಾಗಲಿಲ್ಲ. ಅದನ್ನೂ ತಿಳಿದೇ ನಾವು ಶುರುಮಾಡಿದೆವು.

ಕಷ್ಟ ಇರುವುದು ರಕ್ತದಲ್ಲಿ. ಮೂಳೆಯೊಳಗೆ ಬಿಳಿ ರಕ್ತಕಣ ಹುಟ್ಟಬೇಕಾದರೂ ಇದೇ ಕೈನೇಸ್ ಬೇಕು, ಅಲ್ವಾ? ಎರಡನೇ ಸುತ್ತು ಶುರುವಾಗುವ ದಿನ ನ್ಯೂಟ್ರೋಫಿಲ್, ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ಕಣ, 800ಕ್ಕೆ ಇಳಿದಿತ್ತು. ನಾನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಡಾಕ್ಟರು ಒಂದು ವಾರ ಮಾತ್ರೆ ನಿಲ್ಲಿಸಿದರು. ಕಣಗಳು ಸತ್ತಿಲ್ಲ, ಬೆಳೆಯುವುದು ನಿಂತಿದೆ ಅಷ್ಟೇ ಎಂದರು. ಮುಂದಿನ ಸೋಮವಾರ 1,700. ಆಮೇಲೆ 100 ಎಂಜಿಗೆ ಇಳಿಸಿದರು, ಇವತ್ತಿನವರೆಗೂ ಅದೇ. ಸುಸ್ತು ಇದೆ, ಕೂದಲು ಸ್ವಲ್ಪ ತೆಳುವಾಗಿದೆ. ಜ್ವರ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ಪಾಲ್ಬೊಸಿಕ್ಲಿಬ್ ಪೇಟೆಂಟ್ ನಮ್ಮ ದೇಶದಲ್ಲಿ 2023ರ ಜನವರಿಯಲ್ಲಿ ಮುಗಿಯಿತು. ಈಗ ನಮ್ಮ ಕಂಪನಿಗಳೇ ಮಾಡುತ್ತವೆ. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ, ನಾಲ್ಕು ಕಡೆ ವಿಚಾರಿಸಿ.

ಒಂದು ಬೇಜಾರು ಹೇಳಲೇಬೇಕು. ಆರನೇ ಸುತ್ತಿಗೆ ಮೆಡಿಕಲ್ ಶಾಪಿನವರು ಬೇರೆ ಕಂಪನಿಯದು ಕೊಟ್ಟರು. ಮೊದಲು ಟ್ಯಾಬ್ಲೆಟ್ ಇತ್ತು, ಈಗ ಕ್ಯಾಪ್ಸೂಲ್. ಟ್ಯಾಬ್ಲೆಟ್ ಊಟ ಮಾಡದೆಯೂ ನುಂಗಬಹುದು, ಕ್ಯಾಪ್ಸೂಲ್ ಊಟದ ಜೊತೆಗೇ ಆಗಬೇಕು. ಯಾರೂ ಹೇಳಲಿಲ್ಲ. ಅಮ್ಮ ಹತ್ತು ದಿನ ಖಾಲಿ ಹೊಟ್ಟೆಗೆ ನುಂಗಿದಳು. ಯಾವುದು ಕೊಡುತ್ತಿದ್ದಾರೆ ಎಂದು ಬಾಯಿಬಿಟ್ಟು ಕೇಳಿ.

ಇನ್ನೊಂದು ಪಥ್ಯ, ಚಕ್ಕೋತ ತಿನ್ನುವ ಹಾಗಿಲ್ಲ. ಗ್ರೇಪ್‌ಫ್ರೂಟ್ ಜಾತಿಯ ಹಣ್ಣು ತಿಂದರೆ ಲಿವರ್ ಈ ಔಷಧವನ್ನು ಬೇಗ ಕರಗಿಸುವುದಿಲ್ಲ, ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ನಮ್ಮದು ದೇವನಹಳ್ಳಿ ಕಡೆ. ಹಿತ್ತಲಲ್ಲಿ ಅಜ್ಜ ನೆಟ್ಟ ಮರ ಈ ವರ್ಷವೂ ತುಂಬ ಬಿಟ್ಟಿದೆ. ಅಮ್ಮ ಮೊಮ್ಮಕ್ಕಳಿಗೆ ತೊಳೆ ಬಿಡಿಸಿ ಬಿಡಿಸಿ ಕೊಡುತ್ತಾಳೆ, ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋಗುತ್ತಾಳೆ.