ವೆಯ್ಟ್ ಬಾಕ್ಸ್ ಹಿಡಿದು ತುಮಕೂರಿನಿಂದ ಪೀಣ್ಯಕ್ಕೆ

ನಾನು ತುಮಕೂರಿನ ಒಂದು ಸಣ್ಣ ಆಯುರ್ವೇದ ಔಷಧ ಕಾರ್ಖಾನೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 220 ಗ್ರಾಂವರೆಗೆ ತೂಗುವ ಒಂದು ಬ್ಯಾಲೆನ್ಸ್ ಇದೆ, 0.1 ಮಿಲಿಗ್ರಾಂವರೆಗೆ ತೋರಿಸುತ್ತದೆ. ಜೊತೆಗೆ, ಅದು ಸರಿಯಿದೆಯಾ ನೋಡಲು, ಎಫ್1 ಎಂಬ ನಿಖರತೆಯ ದರ್ಜೆಯ ಒಂದು ವೆಯ್ಟ್ ಬಾಕ್ಸ್. 1 ಮಿಲಿಗ್ರಾಂನಿಂದ 200 ಗ್ರಾಂವರೆಗೆ ಒಟ್ಟು 23 ಬಟ್ಟುಗಳು. ಈ ಸಲ ಎರಡಕ್ಕೂ ಬೆಂಗಳೂರಿನ ಪೀಣ್ಯದ ಒಂದು ಲ್ಯಾಬಿನವರ ಹತ್ರ ಕ್ಯಾಲಿಬ್ರೇಷನ್ (ಎಷ್ಟು ತಪ್ಪು ಇದೆ ಎಂಬ ಪರೀಕ್ಷೆ) ಮಾಡಿಸಿದೆ.

ಮೊದಲು ಬೇರೆ ಕಡೆ ಮಾಡಿಸುತ್ತಿದ್ದೆವು. ಅರ್ಧ ಗಂಟೆಯಲ್ಲಿ ಮುಗಿಸಿ, ಸ್ಟಿಕ್ಕರ್ ಅಂಟಿಸಿ ಹೋಗುತ್ತಿದ್ದರು. ಒಂದು ದಿನ ಸಂಜೆ ಅವರ ಸರ್ಟಿಫಿಕೇಟನ್ನು ಸಾಲು ಸಾಲಾಗಿ ಓದಿದೆ. 100 ಗ್ರಾಂ ಬಟ್ಟಿನಲ್ಲಿ ಎಫ್1 ದರ್ಜೆ ಒಪ್ಪುವ ವ್ಯತ್ಯಾಸ ಹೆಚ್ಚೆಂದರೆ 0.5 ಮಿಲಿಗ್ರಾಂ. ಅವರು ಬರೆದಿದ್ದ ಅನಿಶ್ಚಿತತೆಯೇ, ಅಂದರೆ ಅವರ ಅಳತೆ ಎಷ್ಟು ಆಚೀಚೆ ಇರಬಹುದು ಎನ್ನುವುದೇ, 1 ಮಿಲಿಗ್ರಾಂ! ಅದು ಮಿತಿಯ ಮೂರನೇ ಒಂದು ಭಾಗವನ್ನು ದಾಟಬಾರದು ಎನ್ನುವುದು ನಿಯಮ. ಇಲ್ಲಿ ಮಿತಿಯ ಎರಡರಷ್ಟಿತ್ತು. ಆದರೂ ಕೆಳಗೆ 'ಪಾಸ್' ಎಂದು ಬರೆದಿತ್ತು. ಆ ಬಟ್ಟುಗಳನ್ನು ನಂಬಿ ಮೂರು ವರ್ಷ ನಾನು ಬ್ಯಾಚುಗಳಿಗೆ ಸಹಿ ಹಾಕಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸ ಲ್ಯಾಬ್ ಹುಡುಕುವಾಗ ಬೆಲೆ ಆಮೇಲೆ ಕೇಳಿದೆ. ಮೊದಲು ನೋಡಿದ್ದು ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಸ್ಕೋಪ್. ಯಾವ ತೂಕವನ್ನು ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲರು ಎಂದು ಅದರಲ್ಲಿ ಬರೆದಿರುತ್ತದೆ. ಸುಮ್ನೆ ಲೋಗೋ ನೋಡಿ ಕೊಡಬೇಡಿ. ಸ್ಕೋಪಿನಲ್ಲಿ ನಿಮ್ಮ ಬಟ್ಟಿನ ಸಾಲು ಇದೆಯಾ ನೋಡಿ.

ಬಾಕ್ಸನ್ನು ಕೊರಿಯರ್‌ಗೆ ಕೊಡಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಗ್ಲೌಸ್ ಹಾಕಿಕೊಂಡೇ ಬಾಕ್ಸ್ ತೆರೆದಳು. ಪ್ಲಾಸ್ಟಿಕ್ ತುದಿಯ ಚಿಮಟದಿಂದ ಒಂದೊಂದನ್ನೇ ಎತ್ತಿ ಎಣಿಸಿದಳು. ಮಿಲಿಗ್ರಾಂ ಬಟ್ಟುಗಳು ತಗಡಿನ ಚೂರುಗಳು. 1, 10, 100 ತ್ರಿಕೋನ, 2, 20, 200 ಚೌಕ, 5, 50, 500 ಪಂಚಕೋನ. ಅವಳು ಆಕಾರ ನೋಡಿಯೇ ಹೇಳುತ್ತಿದ್ದಳು. ಎರಡು 20 ಗ್ರಾಂ ಬಟ್ಟುಗಳಲ್ಲಿ ಚುಕ್ಕೆ ಇರುವುದು ಯಾವುದು, ಇಲ್ಲದ್ದು ಯಾವುದು ಎಂದೂ ಬರೆದುಕೊಂಡಳು. ಹಳೆಯ ಸರ್ಟಿಫಿಕೇಟಿನಲ್ಲಿ ಆ ಎರಡಕ್ಕೂ ಒಂದೇ ಸಂಖ್ಯೆ ಇತ್ತು.

ಮೂರನೇ ದಿನ ಫೋನ್ ಬಂತು. "ಮೇಡಂ, ನಿಮ್ಮ 50 ಗ್ರಾಂ 0.41 ಮಿಲಿಗ್ರಾಂ ಜಾಸ್ತಿ ತೋರಿಸ್ತಿದೆ. ಮಿತಿ 0.3. ಮೇಲೆ ಬೆರಳಿನ ಗುರುತು ಕಾಣ್ತಿದೆ. ಬಂದ ಸ್ಥಿತಿಯಲ್ಲಿ ತೂಗಿ ಬರೆದಿಟ್ಟಿದ್ದೀವಿ. ನೀವು ಹೇಳಿದರೆ ಮಾತ್ರ ತೊಳೀತೀವಿ."

ಈ ಒಂದು ಫೋನಿಗಾಗಿಯೇ ಇವರ ಬಗ್ಗೆ ಬರೆಯಬೇಕು ಅನ್ನಿಸಿತು. ಕೇಳದೆ ತೊಳೆದಿದ್ದರೆ ಚಂದದ ಸಂಖ್ಯೆ ಬರುತ್ತಿತ್ತು. ಆದರೆ ಇಷ್ಟು ದಿನ ನಾನು ಯಾವ ತೂಕದಿಂದ ಬ್ಯಾಲೆನ್ಸ್ ನೋಡುತ್ತಿದ್ದೆ ಎನ್ನುವುದು ಗೊತ್ತೇ ಆಗುತ್ತಿರಲಿಲ್ಲ ಅಲ್ವಾ? ತೊಳೆಯಿರಿ ಎಂದೆ. ಆಲ್ಕೋಹಾಲಿನಲ್ಲಿ ತೊಳೆದ ಎಫ್1 ಬಟ್ಟನ್ನು ಒಂದೆರಡು ದಿನ ಹಾಗೇ ಬಿಟ್ಟು ಆಮೇಲೆ ತೂಗಬೇಕು. ಅವರು ಪೂರ್ತಿ ಎರಡು ದಿನ ಬಿಟ್ಟರು. ಆಮೇಲೆ ಬಂದದ್ದು 0.12. ಸರ್ಟಿಫಿಕೇಟಿನಲ್ಲಿ ಎರಡೂ ಸಂಖ್ಯೆ ಇವೆ.

ಬಾಕ್ಸ್ ತರಲು ಹೋದಾಗ ಗಾಜಿನ ಆಚೆ ನಿಂತು ಕೆಲಸ ನೋಡಿದೆ. ಅವರ ಇ2 (ಎಫ್1ಗಿಂತ ಮೇಲಿನ ದರ್ಜೆ) ಬಟ್ಟು, ಗಿರಾಕಿಯ ಬಟ್ಟು, ಮತ್ತೆ ಗಿರಾಕಿಯದು, ಕೊನೆಗೆ ಅವರದು. ಈ ಕ್ರಮದಲ್ಲಿ ತೂಗಿದರೆ ನಡುವೆ ಯಂತ್ರ ನಿಧಾನವಾಗಿ ಜಾರಿದರೂ ಆ ತಪ್ಪು ಕಳೆದುಹೋಗುತ್ತದೆ. ನಿಮ್ಮ ಇ2 ಬಟ್ಟುಗಳಿಗೆ ಯಾರು ಸಾಕ್ಷಿ ಎಂದು ಕೇಳಿದೆ. ಬೇಸರ ಮಾಡಿಕೊಳ್ಳದೆ ಫೈಲ್ ತೆಗೆದು ತೋರಿಸಿದರು. ಆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ಭಾರತದ 57ನೇ ನಂಬರಿನ ಪ್ಲಾಟಿನಂ-ಇರಿಡಿಯಂ ಕಿಲೋಗ್ರಾಂ ಇರುವುದು ಅಲ್ಲೇ. 2019ರ ಮೇ 20ರಿಂದ ಕಿಲೋಗ್ರಾಂಗೆ ಲೋಹದ ತುಂಡು ಆಧಾರವಲ್ಲ, ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಬದಲಾಗದ ಸಂಖ್ಯೆ ಆಧಾರ. ನಮ್ಮ ಬಾಕ್ಸಿನ ತಗಡಿನ ಚೂರು ಅಲ್ಲಿಯವರೆಗೆ ಮುಟ್ಟುತ್ತದೆ ಎಂದು ಫೈಲಿನಲ್ಲಿ ಕಂಡಾಗ ನಿಜವಾಗಿ ಖುಷಿಯಾಯಿತು.

ಬ್ಯಾಲೆನ್ಸನ್ನು ಮಾತ್ರ ಅಲ್ಲಿಗೆ ಒಯ್ಯುವಂತಿಲ್ಲ. ಭೂಮಿಯ ಎಳೆತ ಊರಿಂದ ಊರಿಗೆ ಸ್ವಲ್ಪ ಬೇರೆ ಇರುತ್ತದೆ, ಹಾಗಾಗಿ ಅದು ಇರುವ ಜಾಗದಲ್ಲೇ ಕ್ಯಾಲಿಬ್ರೇಷನ್ ಆಗಬೇಕು. ಒಬ್ಬ ಟೆಕ್ನಿಷಿಯನ್ ನಮ್ಮಲ್ಲಿಗೇ ಬಂದರು. ಮೊದಲು ಮಟ್ಟ ತೋರಿಸುವ ನೀರ್ಗುಳ್ಳೆ ನಡುವೆ ಇದೆಯಾ ನೋಡಿದರು. ಫ್ಯಾನ್ ಆರಿಸಿದರು. 200 ಗ್ರಾಂ ಬಟ್ಟನ್ನು 10 ಸಲ ಇಟ್ಟು ತೆಗೆದರು. ಆಮೇಲೆ 100 ಗ್ರಾಂ ಅನ್ನು ತಟ್ಟೆಯ ನಡುವೆ, ನಂತರ ನಾಲ್ಕೂ ಮೂಲೆಗೆ ಇಟ್ಟರು. ಹಿಂದಿನ ಬಲ ಮೂಲೆಯಲ್ಲಿ 0.6 ಮಿಲಿಗ್ರಾಂ ವ್ಯತ್ಯಾಸ. "ಇದನ್ನ ಜಾಗ ಬದಲಾಯಿಸಿದ್ರಾ ಮೇಡಂ?" ಎಂದರು. ಹೌದು, ಮಹಡಿಗೆ ಏರಿಸುವಾಗ ಎಲ್ಲೋ ತಗುಲಿತ್ತು. ಅದನ್ನು ಕಂಪನಿಯ ಸರ್ವಿಸ್‌ನವರೇ ಸರಿಮಾಡಬೇಕು, ಅಲ್ಲಿಯವರೆಗೆ ಪಾತ್ರೆಯನ್ನು ತಟ್ಟೆಯ ನಡುವೆಯೇ ಇಡಿ ಎಂದರು. ಕೆಳಗಿರುವ ಮರದ ಮೇಜು ತೆಗೆದು ಗ್ರಾನೈಟ್ ಹಾಕಿಸಿ ಎಂದೂ ಹೇಳಿದರು. ಬ್ಯಾಲೆನ್ಸಿನಲ್ಲಿರುವ 'ಕ್ಯಾಲ್' ಬಟನ್ ಒತ್ತುವುದೇ ಕ್ಯಾಲಿಬ್ರೇಷನ್ ಅಂದುಕೊಂಡಿದ್ದ ನಮ್ಮ ಹುಡುಗರಿಗೆ ವ್ಯತ್ಯಾಸ ಬಿಡಿಸಿ ಹೇಳಿದರು. ಬಟನ್ ಯಂತ್ರವನ್ನು ಹೊಂದಿಸುತ್ತದೆ, ಅಷ್ಟೇ. ಎಷ್ಟು ತಪ್ಪು ತೋರಿಸುತ್ತಿದೆ ಎಂದು ಗೊತ್ತುಮಾಡಿ ಬರೆದಿಡುವುದು ಕ್ಯಾಲಿಬ್ರೇಷನ್.

ಕೊರತೆಗಳೂ ಇವೆ. ಬಟ್ಟುಗಳಿಗೆ 9 ದಿನ ಹಿಡಿಯಿತು. ಒಂದೇ ಬಾಕ್ಸ್ ಇರುವ ಲ್ಯಾಬಿಗೆ ಅದು ಕಷ್ಟ. ಸರ್ಟಿಫಿಕೇಟಿನಲ್ಲಿ ಬ್ಯಾಲೆನ್ಸಿನ ಸೀರಿಯಲ್ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಹೇಳಿದ ಮರುದಿನ ತಿದ್ದಿ ಕಳಿಸಿದರು. ದರವೂ ನಮ್ಮ ಹಳೆಯ ಏಜೆನ್ಸಿಗಿಂತ ಸುಮಾರು ಒಂದೂವರೆ ಪಟ್ಟು. ನಮ್ಮ ಮಾಲೀಕರಿಗೆ 50 ಗ್ರಾಂನ ಎರಡು ಸಂಖ್ಯೆ ತೋರಿಸಿದೆ. ಬಿಲ್ಲಿಗೆ ಸಹಿ ಹಾಕಿದರು.

ಮುಂದಿನ ತಿಂಗಳು ದ್ರವವನ್ನು ಅಳೆದು ಬಿಡುವ ಪಿಪೆಟ್‌ಗಳನ್ನು ತೆಗೆದುಕೊಂಡು ಹೋಗುತ್ತೇನೆ. ಅವುಗಳಿಂದ ಬಿಟ್ಟ ನೀರನ್ನು ತೂಗಿ ಅಳತೆ ನೋಡುತ್ತಾರೆ. ಆಗ ಒಳಗೆ ಕೂತು ನೋಡಬಹುದಾ ಎಂದು ಕೇಳಿದ್ದೆ. ಬನ್ನಿ, ಆದರೆ ಬಾಗಿಲು ಪದೇ ಪದೇ ತೆಗೆಯಬಾರದು ಎಂದಿದ್ದಾರೆ.