ಶಿರಾ ಗೇಟಿನ ಮಟನ್ ಅಂಗಡಿ: ಕಡಿಯುವವರ ಕ್ಷೇಮ ನೋಡುವ ಜಾಗ

ತುಮಕೂರಿನ ಶಿರಾ ಗೇಟ್ ಕಡೆಯ ಈ ಅಂಗಡಿಯಲ್ಲಿ ಮಾಂಸ ಎಳೆಯದು, ತೂಕ ಸರಿಯಾಗಿರುತ್ತದೆ, ಬೆಲೆಯೂ ಸುತ್ತಲಿನ ಅಂಗಡಿಗಳಷ್ಟೇ. ಆದರೆ ನಾನು ಇದನ್ನು ಮೆಚ್ಚುವುದು ಅಲ್ಲಿ ಕೆಲಸ ಮಾಡುವವರ ಆರೋಗ್ಯಕ್ಕೆ ಕೊಡುವ ಗಮನಕ್ಕಾಗಿ.

ಒಂದು ಭಾನುವಾರ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದಾಗ, ತೊಡೆ ಕಡಿಯುತ್ತಿದ್ದ ಹುಡುಗನ ಹೆಬ್ಬೆರಳಿಗೆ ಮೂಳೆಯ ಚೂರು ಚುಚ್ಚಿತು. ಇಂಥ ಗಾಯವನ್ನು ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ಮಚ್ಚು ಹಿಡಿಯುವುದು ಎಲ್ಲೆಡೆ ಕಾಣುವ ರೂಢಿ. ಇಲ್ಲಿ ಮಾಲೀಕರು ಅವನ ಕೈಯನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಚೆನ್ನಾಗಿ ತೊಳೆಸಿ, ನೀರು ಇಳಿಯದ ಪಟ್ಟಿ ಅಂಟಿಸಿ, ಕೊರಡಿನಿಂದ ತಕ್ಕಡಿಯ ಬಳಿಗೆ ಕಳುಹಿಸಿದರು. ನಮ್ಮ ಸರದಿ ತಡವಾಯಿತು. ಅದಕ್ಕೆ ಯಾರೂ ಬೇಸರಪಡಬಾರದು. ಕುರಿ, ಮೇಕೆಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗಾಣು ಮನುಷ್ಯನ ದೇಹಕ್ಕೆ ನುಸುಳಲು ಇಂಥ ಸಣ್ಣ ಗಾಯವೇ ಸಾಕು. ಬಂದು ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು ತಿಂಗಳುಗಟ್ಟಲೆ ಕಾಡಿದರೂ ಅದು ಟೈಫಾಯಿಡ್ ಎಂದೋ ದುಡಿಮೆಯ ಆಯಾಸವೆಂದೋ ತಪ್ಪಾಗಿ ತಿಳಿಯಲ್ಪಡಬಹುದು. ಪತ್ತೆಯಾದ ಮೇಲೂ ಸಾಮಾನ್ಯವಾಗಿ 6 ವಾರವಾದರೂ ಔಷಧಿ ಬಿಡದೆ ತೆಗೆದುಕೊಳ್ಳಬೇಕು. ಆದ್ದರಿಂದ ಜ್ವರವೆಂದು ವೈದ್ಯರ ಬಳಿ ಹೋದಾಗ ತಾವು ಮಾಂಸದ ಕೆಲಸದವರೆಂದು ಮೊದಲೇ ಹೇಳುವುದು ಬಹಳ ಮುಖ್ಯ.

ತಾನಾಗಿ ಸತ್ತ ಕುರಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳುವುದಿಲ್ಲ ಎಂದು ಮಾಲೀಕರು ಹೇಳಿದರು. ನೆರಡಿ, ಅಂದರೆ ಆಂಥ್ರಾಕ್ಸ್‌ನಿಂದ ಸತ್ತ ಪ್ರಾಣಿಯ ಚರ್ಮ ಸುಲಿದವರ ಕೈಯಲ್ಲಿ ಕಪ್ಪು ಹುಣ್ಣು ಏಳುತ್ತದೆ. ಆ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಗಬ್ಬದ ಪ್ರಾಣಿಯನ್ನೂ ಪಶುವೈದ್ಯರ ಪ್ರಮಾಣಪತ್ರವಿಲ್ಲದ ಪ್ರಾಣಿಯನ್ನೂ ಕಡಿಯಬಾರದೆಂದು 2001ರ ಕಸಾಯಿಖಾನೆ ನಿಯಮಗಳು ಹೇಳುತ್ತವೆ. ಈ ನಿಯಮದಿಂದ ಕೆಲಸಗಾರನಿಗೂ ರಕ್ಷಣೆಯಿದೆ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ ಮೊದಲು ಕಂಡುಬಂದ ಕ್ಯೂ ಜ್ವರ ಹರಡುವುದು ಹೆಚ್ಚಾಗಿ ಗರ್ಭದ ನೀರು ಮತ್ತು ಮಾಸಿನಿಂದ ಗಾಳಿಗೆ ಸೇರುವ ಕಣಗಳ ಮೂಲಕ.

ಕೊರತೆಯೂ ಇದೆ. ಹಿಂಬದಿಯಲ್ಲಿ ಬೋಟಿ ತೊಳೆಯುವವರು ಬರಿಗಾಲಲ್ಲಿ, ಕಣ್ಣಿಗೆ ಯಾವ ಮರೆಯೂ ಇಲ್ಲದೆ ಕೂತಿರುತ್ತಾರೆ. ಕಣ್ಣಿಗೆ ಸಿಡಿದ ಹನಿಯಿಂದಲೂ ಬ್ರುಸೆಲ್ಲಾ ಒಳಸೇರಬಹುದು. ಪ್ರಾಣಿಯ ಮೂತ್ರ ಬೆರೆತ ನೀರಿನಿಂದ ಬಿರುಕುಬಿಟ್ಟ ಪಾದಗಳ ಮೂಲಕ ಇಲಿಜ್ವರ ತಗುಲಬಹುದು. ಅವರಿಗೆ ಗಂಬೂಟು ಮತ್ತು ಕಣ್ಣು ಮುಚ್ಚುವ ಕನ್ನಡಕ ಕೊಡುವುದು ಅಂಥ ದೊಡ್ಡ ಖರ್ಚೇನಲ್ಲ.

1923ರ ನೌಕರರ ಪರಿಹಾರ ಕಾಯಿದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆ ಪ್ರಾಣಿಗಳನ್ನೂ ಅವುಗಳ ಕಳೇಬರಗಳನ್ನೂ ಮುಟ್ಟುವ ಕೆಲಸದಿಂದ ಅಂಟುವ ಸೋಂಕನ್ನು ವೃತ್ತಿರೋಗವೆಂದು ಪರಿಗಣಿಸುತ್ತದೆ. ಈ ವಿಷಯ ಬರೆದ ಒಂದು ಹಾಳೆಯನ್ನು ತಕ್ಕಡಿಯ ಹಿಂದಿನ ಗೋಡೆಗೆ ಅಂಟಿಸಿ ಎಂದು ಮಾಲೀಕರನ್ನು ಕೇಳಿಕೊಂಡಿದ್ದೇನೆ. ಸದ್ಯಕ್ಕೆ 5ಕ್ಕೆ 4 ಅಂಕ. ಉಳಿದ 1 ಅಂಕ ಬೋಟಿ ತೊಳೆಯುವವರಿಗೆ ಗಂಬೂಟು, ಕನ್ನಡಕ ಬಂದ ದಿನ.