ಎಲೆಕ್ಟ್ರಾನಿಗೂ ಶುಲ್ಕ ಹಾಕೋ ಟ್ರಾನ್ಸ್‌ಲೇಷನ್ ಆ್ಯಪ್, 5ಕ್ಕೆ 2 ಸ್ಟಾರ್

ಕೋರ್ಟ್ ಹತ್ರ ಡಿಟಿಪಿ ಅಂಗಡಿ ನಂದು. ಎರಡು ತಿಂಗಳಿಂದ ಮೊಬೈಲಲ್ಲಿ ಒಂದು ಆ್ಯಪ್ ಬಳಸ್ತಿದೀನಿ, ಹೆಸರು ಬೇಡ ಬಿಡಿ. ಸ್ಪೀಡು ಸೂಪರ್, ಫೋಟೋ ಹೊಡೆದ್ರೂ ಓದತ್ತೆ, ಫ್ರೀ ಬೇರೆ. ಆದ್ರೆ ಇಂಗ್ಲಿಷಿನ ಚಾರ್ಜ್ ಅನ್ನೋ ಪದ ಸಿಕ್ರೆ ಸಾಕು, ಹಿಂದೆಮುಂದೆ ನೋಡ್ದೆ ಶುಲ್ಕ ಅಂತ ಹಾಕ್ಬಿಡತ್ತೆ.

ಹೊಸದಾಗಿ ಬಂದ ಆಫೀಸರ್ ಒಬ್ರು ಚಾರ್ಜ್ ತಗೊಂಡ್ರು ಅಂತ ಲೆಟರಲ್ಲಿತ್ತು, ಪ್ರಭಾರ ವಹಿಸಿಕೊಂಡರು ಅಂತ ಬರ್ಬೇಕು, ಇದು "ಶುಲ್ಕ ತೆಗೆದುಕೊಂಡರು" ಅಂತು. ಸದ್ಯ ಪ್ರಿಂಟ್ ಕೊಡೋ ಮುಂಚೆ ಓದ್ದೆ, ಇಲ್ಲಾಂದ್ರೆ ಆ ಸಾಹೇಬ್ರ ಮುಂದೆ ನನ್ನ ಗತಿ ಏನ್ರೀ!

ಕೋರ್ಟ್ ಪೇಪರ್‌ನಲ್ಲಿ ಇನ್ನೂ ಡೇಂಜರು. ಪೊಲೀಸ್ರು ಹಾಕೋದು ಚಾರ್ಜ್‌ಶೀಟು ಅಂದ್ರೆ ದೋಷಾರೋಪ ಪಟ್ಟಿ, ಅದನ್ನ ನೋಡಿ ಜಡ್ಜು ಫ್ರೇಮ್ ಮಾಡೋದು ಚಾರ್ಜು ಅಂದ್ರೆ ಆರೋಪ, ಎರಡೂ ಬೇರೆ ಬೇರೆ ಹಂತ. ಕೇಸ್ ನೋಡ್ಕೊಂಡು 60 ಇಲ್ಲಾ 90 ದಿನದಲ್ಲಿ ಚಾರ್ಜ್‌ಶೀಟ್ ಬೀಳ್ಲಿಲ್ಲ ಅಂದ್ರೆ ಒಳಗಿರೋನಿಗೆ ಬೇಲ್ ಕೇಳೋ ಹಕ್ಕು ಬರತ್ತೆ. ಅಲ್ಲಿ ಹೋಗಿ ಶುಲ್ಕ ಅಂದ್ರೆ ವಕೀಲ್ರು ನನ್ನನ್ನೇ ಅಟ್ಟಿಸ್ಕೊಂಡು ಬರ್ತಾರೆ.

ಮಗಳ ಸೈನ್ಸ್ ನೋಟ್ಸ್ ಹಾಕಿದ್ರೆ "ಎಲೆಕ್ಟ್ರಾನಿನ ಶುಲ್ಕ", ಪಾಪ ಅದಕ್ಕೂ ಬಿಲ್ಲು. ಕೂಲಮ್‌ನಲ್ಲಿ ಅಳೆಯೋ ಆ ಚಾರ್ಜ್‌ಗೆ ಅವಳ ಪುಸ್ತಕದಲ್ಲಿ ವಿದ್ಯುದಾವೇಶ ಅಂತಿದೆ. ನಮ್ಮವ್ವ ಅದ್ನ ಕೇಳಿ, ಆವೇಶ ಅಂದ್ರೆ ಮೈಮೇಲೆ ದೇವ್ರು ಬಂದಂಗಾ ಅಂದ್ಳು!

ತಮಾಷೆ ಏನಂದ್ರೆ ಈ ಪದದ ಮೂಲ ಲ್ಯಾಟಿನಲ್ಲಿ ಗಾಡಿಗೆ ಹೊರೆ ಹೇರೋದು, ಕಾರ್ಗೋ ಕೂಡ ಇದರ ನೆಂಟನೇ. ಬ್ಯಾಟರಿಗೆ ಕರೆಂಟ್ ಹೇರು, ಮನುಷ್ಯನ ಮೇಲೆ ಕೇಸ್ ಹೇರು, ಗಿರಾಕಿ ಮೇಲೆ ದುಡ್ಡು ಹೇರು. ನಾವೂ ಆರೋಪ ಹೊರಿಸ್ತೀವಿ, ಜವಾಬ್ದಾರಿನೂ ಹೊರಿಸ್ತೀವಿ, ಪ್ರಭಾರದಲ್ಲೂ ಭಾರ ಇದೆ, ಜಮೀನಿನ ಮೇಲೆ ಸಾಲ ಇದ್ರೆ ಋಣಭಾರ. ಕನ್ನಡದಲ್ಲಿ ಇಷ್ಟೆಲ್ಲಾ ರೆಡಿ ಇದ್ರೂ ಆ್ಯಪ್‌ಗೆ ಶುಲ್ಕ ಒಂದೇ ಗೊತ್ತು.

ಈಗ ನಾನು ಡೌಟ್ ಬಂದ್ರೆ ಅಲರ್ ತೆಗೀತೀನಿ. ವಿ. ಕೃಷ್ಣ ಅವ್ರು ದಶಕಗಟ್ಟಲೆ ಕೂತು ಮಾಡಿದ ನಿಘಂಟು, ಒಂದೂವರೆ ಲಕ್ಷ ಪದ, 2019ರಿಂದ ಆನ್‌ಲೈನಲ್ಲಿ ಎಲ್ರಿಗೂ ಫ್ರೀ. ಕನ್ನಡದಿಂದ ಇಂಗ್ಲಿಷಿಗೆ ಹೋಗೋದ್ರಿಂದ ನಮ್ಮ ಕೆಲಸಕ್ಕೆ ಸ್ವಲ್ಪ ಸುತ್ತುದಾರಿ, ಆದ್ರೆ ಒಂದು ಪದಕ್ಕೆ ಎಷ್ಟು ಅರ್ಥ ಅಂತ ನಂಬರ್ ಹಾಕಿ ಬಿಡಿಸಿ ತೋರಿಸತ್ತೆ.

ಆ್ಯಪ್ ಅನ್ನ ಡಿಲೀಟ್ ಮಾಡಿಲ್ಲ, ಕರೆಂಟ್ ಬಿಲ್ಲಿಗೆ ಇಟ್ಕೊಂಡಿದೀನಿ, ಅಲ್ಲಿರೋ ಫಿಕ್ಸೆಡ್ ಚಾರ್ಜ್ ನಿಜವಾಗ್ಲೂ ಶುಲ್ಕನೇ.